ವಾರ್ಕೆತಿಲಿಯಲ್ಲಿ ಒಂದು ಬಾಡಿಗೆ ಮನೆ

ಗುರುವಾಯನಕೆರೆ

ನಾನು ಜಾರ್ಜಿಯಾ ದೇಶಕ್ಕೆ ಹೋದದ್ದು ಊರು ನೋಡಲಿಕ್ಕಲ್ಲ, ಮನೆ ನೋಡಲಿಕ್ಕೆ. ಕೋಟೆ, ಇಗರ್ಜಿ, ಹಿಮದ ಬೆಟ್ಟಗಳ ವರ್ಣನೆ ಬೇಕಾದವರಿಗೆ ಇದರಲ್ಲಿ ಹೆಚ್ಚೇನೂ ಸಿಗದು. ಅವೆಲ್ಲ ಅಲ್ಲಿ ಇವೆ. ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ.

ನನ್ನ ಗಂಡ ಹನೀಫ್ ಮೂಲತಃ ಮೆಲ್ಕಾರಿನವರು. ಕಟ್ಟಡಗಳ ನಕ್ಷೆ ಬಿಡಿಸುವುದು ಅವರ ಕೆಲಸ. ಮದುವೆಯಾದ ಮರುವರ್ಷವೇ ಸೌದಿಯ ದಮ್ಮಾಮಿಗೆ ಹೋದವರು ಹತ್ತೊಂಬತ್ತು ವರ್ಷ ಅಲ್ಲಿಯೇ ಉಳಿದರು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಷ್ಟು ಸಂಬಳ ಬರುವ ಹೊತ್ತಿಗೆ ಜೊತೆಗಿರುವ ಕುಟುಂಬದವರ ಮೇಲೆ ಅಲ್ಲಿನ ಸರಕಾರ ಹಾಕುವ ಶುಲ್ಕವೂ ಏರಿತು. ನಾನು ಗುರುವಾಯನಕೆರೆಯ ಮನೆಯಲ್ಲಿದ್ದುಕೊಂಡು ಹತ್ತಿರದ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತ ಮಗಳು ಶಿಫಾನಾಳನ್ನು ಬೆಳೆಸಿದೆ. ಅವಳೀಗ ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಪದವಿ ಓದುತ್ತಿದ್ದಾಳೆ.

ಕಳೆದ ವರ್ಷ ದಮ್ಮಾಮಿನ ಕಂಪೆನಿ ಇವರಿಗೆ, ಇನ್ನು ಮುಂದೆ ಕಚೇರಿಗೆ ಬರಬೇಕಾಗಿಲ್ಲ, ನಕ್ಷೆಯನ್ನು ಎಲ್ಲಿಂದ ಬೇಕಾದರೂ ಬಿಡಿಸಿ ಕಳಿಸಬಹುದು ಎಂದಿತು. ಇನ್ನೇನು, ಊರಿಗೆ ಬರುತ್ತಾರೆ ಎಂದು ನಾನು ಮಾಡಿನ ಹೆಂಚು ಬದಲಿಸಿ ಕಾದೆ. ಇವರು ಊರಿಗೆ ಬರಲಿಲ್ಲ. ಜಾರ್ಜಿಯಾದ ರಾಜಧಾನಿ ತ್ಬಿಲಿಸಿಗೆ ಹೋದರು. ಹೊರಗಿನಿಂದ ಬಂದು ಒಬ್ಬರೇ ಸಣ್ಣ ಕಸುಬು ಮಾಡುವವರಿಗೆ ಅಲ್ಲಿ ತೆರಿಗೆ ಹೆಸರಿಗೆ ಮಾತ್ರವಂತೆ. ಮನೆ ಬಾಡಿಗೆ, ಹಾಲು, ತರಕಾರಿ ಎಲ್ಲ ಅಗ್ಗವಂತೆ. ಫೋನಿನಲ್ಲಿ ಇದನ್ನು ಹೇಳುವಾಗ ಇವರ ದನಿಯಲ್ಲಿ ಎಳೆಯರ ಉತ್ಸಾಹವಿತ್ತು.

"ನೀನು ಒಮ್ಮೆ ಬಂದು ನೋಡು ಮಾರಾಯ್ತಿ," ಎಂದರು. "ಹಿಡಿಸದಿದ್ರೆ ಬೇಡ. ಹಿಡಿಸಿದ್ರೆ ಇಬ್ಬರೂ ಇಲ್ಲಿಯೇ ಇರುವ."

ನಾವು ಮಾತಾಡುವುದು ಬ್ಯಾರಿ ಭಾಷೆಯಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಶಾಲೆಯ ಸ್ಟಾಫ್ ರೂಮಿನಲ್ಲಿ ವಿಷಯ ತಿಳಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಗಣಿತದ ಮಾಸ್ಟ್ರು. ಫೆಬ್ರವರಿ ತಿಂಗಳ ಸಂಬಳ ಹೆಚ್ಚುಕಡಿಮೆ ಇಡಿಯಾಗಿ ತೆರಿಗೆಗೇ ಹೋಗುವುದು ಮೇಷ್ಟರುಗಳೆಲ್ಲರ ಮನೆಯ ಕತೆ. "ಹೋಗಿ ಟೀಚರ್, ನಮ್ಮ ಪರವಾಗಿಯೂ ಹೋಗಿ," ಎಂದರು ಅವರು. ಶಿಫಾನಾ ಮಾತ್ರ ನಗಲಿಲ್ಲ. ಹಾಸ್ಟೆಲಿಗೆ ಅವಳನ್ನು ಬಿಟ್ಟು ಬರುವಾಗ, "ಉಮ್ಮ, ಅಬ್ಬನ ಜೊತೆ ನೀವು ಇಡೀ ಎರಡು ತಿಂಗಳು ಯಾವತ್ತಾದ್ರೂ ಇದ್ದದ್ದುಂಟಾ?" ಎಂದು ಕೇಳಿದಳು. ನಾನು ಬಸ್ಸು ಬಂತು ಎಂದು ಎದ್ದೆ. ಆದರೆ ಬೇಸಿಗೆ ರಜೆಯಲ್ಲಿ ನಾನು ಹೊರಟದ್ದು ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ.

ವಿಮಾನ ನಿಲ್ದಾಣ

ಮಂಗಳೂರಿನಿಂದ ಶಾರ್ಜಾ, ಅಲ್ಲಿಂದ ತ್ಬಿಲಿಸಿ. ಪಾಸ್‌ಪೋರ್ಟ್ ನೋಡುವ ಅಧಿಕಾರಿ ಎಳೆಯ ಹುಡುಗ. ಯಾಕೆ ಬಂದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಗಂಡನನ್ನು ನೋಡಲಿಕ್ಕೆ ಎಂದೆ. ಗಂಡ ಎಷ್ಟು ಕಾಲದಿಂದ ಇಲ್ಲಿದ್ದಾರೆ ಎಂದ. ಕೆಲವು ತಿಂಗಳಿಂದ ಎಂದೆ. ಅದಕ್ಕಿಂತ ಮೊದಲು? ಸೌದಿಯಲ್ಲಿ. ಆಗ ನೀವು? ಊರಿನಲ್ಲಿ. ಮದುವೆಯಾಗಿ ಎಷ್ಟು ವರ್ಷವಾಯಿತು ಎಂದು ಕೇಳಿದ. ಹೇಳಿದೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ, ಏನೋ ಲೆಕ್ಕ ಹಾಕಿದವನಂತೆ ಕಂಡ, ಮತ್ತೇನೂ ಕೇಳದೆ ಮುದ್ರೆ ಒತ್ತಿ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಹೊರಗೆ ಇವರು ನಿಂತಿದ್ದರು. ಉಣ್ಣೆಯ ಟೊಪ್ಪಿ, ದಪ್ಪ ಜಾಕೀಟು. ಗುರುತು ಹಿಡಿಯಲು ನನಗೆ ತಡವಾಯಿತು.

ಟ್ಯಾಕ್ಸಿಯಲ್ಲಿ ಕುಳಿತಾಗ ಅಂಗಡಿಗಳ ಬೋರ್ಡುಗಳು ಕಾಣಿಸತೊಡಗಿದವು. ಆ ದೇಶದ ಲಿಪಿ ಕನ್ನಡದ ಹಾಗೆ ದುಂಡಗೆ. ಒತ್ತಕ್ಷರ ತೆಗೆದು, ತಲೆಕಟ್ಟು ಒರೆಸಿ, ಕನ್ನಡವನ್ನೇ ಸ್ವಲ್ಪ ತಿರುಗಿಸಿ ಬರೆದಂತೆ. ಇನ್ನೇನು ಓದಿಬಿಟ್ಟೆ ಎನಿಸುತ್ತದೆ, ಆದರೆ ಒಂದಕ್ಷರವೂ ದಕ್ಕುವುದಿಲ್ಲ. ಇಷ್ಟು ವರ್ಷ ಮಕ್ಕಳ ಕಾಗುಣಿತ ತಿದ್ದಿದವಳಿಗೆ ಇದು ಕಿರಿಕಿರಿಯ ಸಂಗತಿ. ಒಂದು ಬೋರ್ಡಿನಲ್ಲಿ 'ರಿ' ಎಂದು ಸ್ಪಷ್ಟವಾಗಿ ಕಂಡಂತಾಗಿ ಇವರಿಗೆ ತೋರಿಸಿದೆ. "ಅದು ಔಷಧಿ ಅಂಗಡಿ," ಎಂದರು ಇವರು.

ವಾರ್ಕೆತಿಲಿ

ಇವರು ಇದ್ದದ್ದು ನಗರದ ಅಂಚಿನ ವಾರ್ಕೆತಿಲಿ ಎಂಬ ಬಡಾವಣೆಯಲ್ಲಿ. ಸೋವಿಯತ್ ಕಾಲದ ಬೂದು ಬಣ್ಣದ ಎತ್ತರದ ಕಟ್ಟಡಗಳು, ಕಿಟಕಿಯಿಂದ ಕಿಟಕಿಗೆ ರಾಟೆಯಲ್ಲಿ ಎಳೆಯುವ ಬಟ್ಟೆ ಹಗ್ಗಗಳು. ಏಳನೇ ಮಹಡಿಯಲ್ಲಿ ಒಂದು ಕೋಣೆ, ಅದರ ಮೂಲೆಯಲ್ಲೇ ಅಡುಗೆ, ಆಚೆಗೊಂದು ಚಿಕ್ಕ ಬಾಲ್ಕನಿ. ನಾನು ಬಂದ ಮೇಲೆ ದೊಡ್ಡ ಮನೆ ಹಿಡಿಯುವುದು ಇವರ ಯೋಜನೆ.

ಆ ಕೋಣೆಯಲ್ಲಿ ನಾನು ಮೊದಲು ಕಂಡದ್ದು, ದಮ್ಮಾಮಿನಲ್ಲಿ ಹಲವರ ಜೊತೆ ಒಂದೇ ಕೋಣೆಯಲ್ಲಿದ್ದು ಬಂದ ಇವರ ಅಭ್ಯಾಸಗಳನ್ನು. ಎದ್ದ ಕೂಡಲೇ ಹಾಸಿಗೆ ಮಡಚಿ ಗೋಡೆಗೆ ಒತ್ತಿಡುತ್ತಾರೆ. ಉಂಡ ತಟ್ಟೆಯನ್ನು ಕೈ ಒಣಗುವ ಮೊದಲೇ ತೊಳೆದಿಡುತ್ತಾರೆ. ಸಾಬೂನು, ಹಲ್ಲುಜ್ಜುವ ಬ್ರಷ್ಷು, ಮೈ ಒರೆಸುವ ಬೈರಾಸು ಎಲ್ಲ ಒಂದು ಬಕೆಟಿನಲ್ಲಿ, ಬಕೆಟು ಮಂಚದ ಕೆಳಗೆ. ಫೋನು ಬಂದರೆ ಗೋಡೆಯ ಕಡೆ ತಿರುಗಿ ಪಿಸುದನಿಯಲ್ಲಿ ಮಾತಾಡುತ್ತಾರೆ. ಕೋಣೆಯಲ್ಲಿ ಬೇರೆ ಯಾರೂ ಇಲ್ಲ, ನಾನೊಬ್ಬಳೇ ಇದ್ದೇನೆ ಎಂದು ಹೇಳಬೇಕೆನಿಸಿತು. ಊರಿಗೆ ರಜೆಯಲ್ಲಿ ಬಂದಾಗ ಇವೆಲ್ಲ ಕಾಣುತ್ತಿರಲಿಲ್ಲ. ಅಲ್ಲಿ ಇವರು ನೆಂಟರ ಹಾಗೆ ಇರುತ್ತಿದ್ದರು, ನಾವೂ ನೆಂಟರಿಗೆ ಬಡಿಸುವ ಹಾಗೆ ಬಡಿಸುತ್ತಿದ್ದೆವು.

ಮೊದಲ ಬೆಳಿಗ್ಗೆ ಇವರು ಕೆಲಸಕ್ಕೆ ಕುಳಿತಾಗ ನಾನೊಬ್ಬಳೇ ರೊಟ್ಟಿ ತರಲು ಇಳಿದೆ. ಬೇಕರಿಯಲ್ಲಿ ನೆಲದೊಳಗೆ ಹುಗಿದ ಬಾವಿಯಂಥ ಮಣ್ಣಿನ ಒಲೆ. ರೊಟ್ಟಿಯವನು ಹಿಟ್ಟಿನ ಉದ್ದ ತುಂಡನ್ನು ಕೈಯಲ್ಲಿ ಹಿಡಿದು, ಎರಡೂ ಕಾಲು ನೆಲ ಬಿಡುವಷ್ಟು ಬಗ್ಗಿ, ಒಲೆಯ ಒಳಗೋಡೆಗೆ ಬಡಿದು ಅಂಟಿಸುತ್ತಾನೆ. ಬಿದ್ದೇಬಿಟ್ಟ ಎಂದು ನಾನು ಹೆದರಿ ಅವನ ಅಂಗಿ ಹಿಡಿಯಲು ಕೈ ಚಾಚಿದೆ. ಪಕ್ಕದ ಹೆಂಗಸರು ನಕ್ಕರು.

ಬಿಸಿ ರೊಟ್ಟಿ ಕಂಕುಳಲ್ಲಿಟ್ಟುಕೊಂಡು ಹಿಂದೆ ಬಂದು ಲಿಫ್ಟಿನಲ್ಲಿ ಏಳು ಒತ್ತಿದರೆ ಅದು ಅಲುಗಲಿಲ್ಲ. ಬಾಗಿಲು ತೆರೆಯಿತು, ಮುಚ್ಚಿತು, ಅಷ್ಟೇ. ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದೆ. ಆಗ ಕಪ್ಪು ಕೋಟು ತೊಟ್ಟ ಒಬ್ಬ ಹಿರಿಯ ಹೆಂಗಸು ಒಳಗೆ ಬಂದರು. ನನ್ನನ್ನು ನೋಡಿದರು, ರೊಟ್ಟಿಯನ್ನು ನೋಡಿದರು, ಕಿಸೆಯಿಂದ ಒಂದು ಚಿಲ್ಲರೆ ನಾಣ್ಯ ತೆಗೆದು ಗೋಡೆಯ ಡಬ್ಬಿಗೆ ಹಾಕಿದರು. ಲಿಫ್ಟು ನರಳುತ್ತಾ ಹೊರಟಿತು. ಹುಂಡಿಗೆ ಕಾಸು ಹಾಕದೆ ಮೇಲೇರಿಸದ ಲಿಫ್ಟನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಕೆ ನನ್ನ ಜೊತೆ ಏಳನೇ ಮಹಡಿಯವರೆಗೂ ಬಂದು, ನಾನು ಸರಿಯಾದ ಬಾಗಿಲು ತಟ್ಟುವವರೆಗೆ ನಿಂತು, ಮತ್ತೆ ಮೆಟ್ಟಿಲಲ್ಲಿ ನಿಧಾನಕ್ಕೆ ಇಳಿದು ಹೋದರು. ಅವರ ಹೆಸರು ನಾನಾ ಎಂದು ಮಾರನೆಯ ದಿನ ತಿಳಿಯಿತು.

ಅಂಗಳದ ಬೆಂಚಿನಲ್ಲಿ ಬಿಸಿಲು ಕಾಯುವ ಹೆಂಗಸರ ಒಂದು ಗುಂಪು. ನಾನಾ ನನ್ನನ್ನು ಕೈಹಿಡಿದು ಅಲ್ಲಿ ಕೂರಿಸಿಕೊಂಡರು. ಆಕೆಗೆ ಇಂಗ್ಲಿಷ್ ಬಾರದು, ನನಗೆ ಅವರ ಭಾಷೆ ಬಾರದು. ಆದರೂ ಮಾತಿಗೆ ಕೊರತೆಯಾಗಲಿಲ್ಲ. ಆ ಭಾಷೆಯಲ್ಲಿ ತಾಯಿಗೆ 'ದೇದಾ', ತಂದೆಗೆ 'ಮಾಮಾ'. ನನ್ನ ಮಗಳ ಫೋಟೋ ತೋರಿಸಿದಾಗ ಆಕೆ "ಮಾಮಾ?" ಎಂದು ಕೇಳಿದರು. ಮಾವನನ್ನು ಯಾಕೆ ಕೇಳುತ್ತಾರೆ ಎಂದು ತಿಳಿಯದೆ, ನನ್ನ ತಮ್ಮ ಬಂಟ್ವಾಳದಲ್ಲಿ ಅಂಗಡಿ ಇಟ್ಟಿದ್ದಾನೆ ಎಂದು ಕೈಸನ್ನೆಯಲ್ಲಿ ವಿವರಿಸಲು ಹೊರಟೆ. ತಕ್ಕಡಿ ತೂಗಿ ತೋರಿಸಿದೆ. ಶಿಫಾನಾಳ ತಂದೆ ತಕ್ಕಡಿ ಹಿಡಿಯುವವರು ಎಂದೇ ಆಕೆ ಕೆಲವು ದಿನ ನಂಬಿದ್ದರು.

ಆಕೆ ತನ್ನ ಫೋನಿನಲ್ಲಿ ಹಿರಿಯ ಮಗಳ ಚಿತ್ರ ತೋರಿಸಿದರು. "ಇಟಾಲಿಯಾ," ಎಂದರು. ಆಮೇಲೆ ಎರಡೂ ಕೈ ಮುಂದೆ ಚಾಚಿ ಗಾಲಿಕುರ್ಚಿ ತಳ್ಳುವಂತೆ, ಚಮಚದಲ್ಲಿ ಉಣ್ಣಿಸುವಂತೆ ಮಾಡಿ ತೋರಿಸಿದರು. ಇಟಲಿಯಲ್ಲಿ ಯಾರದೋ ಮನೆಯ ಮುದುಕಿಯನ್ನು ನೋಡಿಕೊಳ್ಳುವ ಕೆಲಸ. ಬೆಂಚಿನ ಬೇರೆ ಹೆಂಗಸರೂ ಒಬ್ಬೊಬ್ಬರಾಗಿ ಹೇಳಿದರು: ಇಟಾಲಿಯಾ, ಸಾಬೆರ್ಜ್ನೇತಿ. ಎರಡನೆಯದು ಗ್ರೀಸ್ ಎಂದು ಇವರಿಂದ ತಿಳಿದೆ. ನಮ್ಮಲ್ಲಿ ಗಂಡಸರು ಹೋಗುತ್ತಾರೆ, ಇಲ್ಲಿ ಹೆಂಗಸರು. ನಾನು ನನ್ನ ಗಂಡನ ಕತೆಯನ್ನು ವಿಮಾನ ಹಾರಿಸಿ ತೋರಿಸಿದೆ. ನಾನಾ ನನ್ನ ತೊಡೆಯ ಮೇಲೆ ಎರಡು ಸಲ ತಟ್ಟಿದರು.

ಹಳೇ ಪೇಟೆ

ಶುಕ್ರವಾರ ಹಳೇ ಪೇಟೆಯ ಮಸೀದಿಗೆ ಹೊರಟೆವು. ಮೆಟ್ರೋ ರೈಲು ಪಾತಾಳದಲ್ಲಿ ಓಡುತ್ತದೆ. ಅಲ್ಲಿಗೆ ಇಳಿಯುವ ಚಲಿಸುವ ಮೆಟ್ಟಿಲುಗಳು ಕೊನೆ ಕಾಣದಷ್ಟು ಉದ್ದ ಮತ್ತು ಬಹಳ ವೇಗ. ನಾನು ಮೊದಲ ಮೆಟ್ಟಿಲಿನ ಮುಂದೆ ನಿಂತುಬಿಟ್ಟೆ. ಹಿಂದೆ ಜನ ಸೇರಿದರು. ಇವರು ನನ್ನ ಕೈ ಹಿಡಿದು, "ಕೆಳಗೆ ನೋಡ್ಬೇಡ, ನನ್ನನ್ನು ನೋಡು," ಎಂದರು. ಮದುವೆಯಾದಂದಿನಿಂದ ನಾಲ್ಕು ಜನರ ಎದುರು ಇವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಕೆಳಗೆ ಮುಟ್ಟಿದ ಮೇಲೂ ಬಿಡಲು ಮರೆತೆವು.

ಆ ಮಸೀದಿಯಲ್ಲಿ ಸುನ್ನಿಗಳೂ ಶಿಯಾಗಳೂ ಒಂದೇ ಮಾಡಿನ ಕೆಳಗೆ ನಮಾಜು ಮಾಡುತ್ತಾರೆ. ಬಸ್ಸಿನಲ್ಲಿ ಹಿಂದೆ ಬರುವಾಗ ಇಗರ್ಜಿಯೊಂದು ಎದುರಾದರೆ ಡ್ರೈವರನಿಂದ ಹಿಡಿದು ಕಾಲೇಜು ಹುಡುಗರವರೆಗೆ ಎಲ್ಲರ ಕೈಯೂ ಮೂರು ಸಲ ಹಣೆಗೆ, ಹೊಟ್ಟೆಗೆ, ಭುಜಕ್ಕೆ ಹೋಗಿ ಬರುತ್ತದೆ. ಹುಡುಗರು ಮೊಬೈಲಿನಿಂದ ಕಣ್ಣೆತ್ತುವುದಿಲ್ಲ, ಕೈ ತನ್ನಷ್ಟಕ್ಕೆ ಆ ಕೆಲಸ ಮಾಡುತ್ತದೆ. ನಮ್ಮೂರಿನ ಬಸ್ಸಿನಲ್ಲಿ ದೇವಸ್ಥಾನ, ದರ್ಗಾ, ಇಗರ್ಜಿ ಬಂದಾಗ ಬೇರೆ ಬೇರೆ ಕೈಗಳು ಏಳುವುದು ನೆನಪಾಯಿತು.

ಸಂತೆಯಲ್ಲಿ ಹಗ್ಗಕ್ಕೆ ತೂಗುಹಾಕಿದ ಕಂದು ಬಣ್ಣದ ಮೇಣದ ಬತ್ತಿಗಳನ್ನು ಕಂಡು, ಕರೆಂಟು ಹೋದರೆ ಇರಲಿ ಎಂದು ಒಂದು ಜೋಡಿ ಕೊಂಡೆ. ಮನೆಯಲ್ಲಿ ಅದನ್ನು ಕಿಟಕಿಯ ಬಳಿ ನಿಲ್ಲಿಸಿ ಬೆಂಕಿಪೆಟ್ಟಿಗೆ ಹುಡುಕುತ್ತಿದ್ದಾಗ ಇವರು ನೋಡಿದರು. ಅದು ಅಕ್ರೋಟನ್ನು ನೂಲಿಗೆ ಪೋಣಿಸಿ ದ್ರಾಕ್ಷಿಯ ಗಟ್ಟಿ ರಸದಲ್ಲಿ ಅದ್ದಿ ಒಣಗಿಸಿದ ಮಿಠಾಯಿಯಂತೆ. ಇವರು ಮಂಚದಲ್ಲಿ ಕುಳಿತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಪಿಸುದನಿಯ ಮನುಷ್ಯ ಪಕ್ಕದ ಮನೆಗೆ ಕೇಳುವಂತೆ ನಕ್ಕದ್ದನ್ನು ನಾನು ನಿಂತು ನೋಡಿದೆ. ಇಲ್ಲಿ ಇರಬಹುದೇನೋ ಎಂದು ನನಗೆ ಮೊದಲ ಸಲ ಅನಿಸಿದ್ದು ಆಗ.

ನಾಲ್ಕನೇ ಮಹಡಿ

ಅದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಎರಡು ಕೋಣೆಯ ಮನೆ ಖಾಲಿಯಾಗುತ್ತದೆ ಎಂದು ಬ್ರೋಕರ್ ಇವರಿಗೆ ತಿಳಿಸಿದ್ದ. ಬೇರೆ ಅಡುಗೆಮನೆ, ಪೂರ್ವಕ್ಕೆ ಕಿಟಕಿ. ಇವರು ಫೋಟೋ ನೋಡಿಯೇ ಮನಸ್ಸಿನಲ್ಲಿ ಆ ಮನೆಗೆ ಹೋಗಿ ಕುಳಿತಿದ್ದರು. ನಕ್ಷೆ ಕೂಡ ಬಿಡಿಸಿದ್ದರು: ಇಲ್ಲಿ ಮೇಜು, ಇಲ್ಲಿ ಶಿಫಾನಾ ಬಂದರೆ ಅವಳ ಮಂಚ, ಇಲ್ಲಿ ನಿನ್ನ ಪುಸ್ತಕ.

ಸಂಜೆ ಬ್ರೋಕರನೊಂದಿಗೆ ಹೋಗಿ ಬಾಗಿಲು ತಟ್ಟಿದೆವು. ಬಾಗಿಲು ತೆರೆದವರು ನಾನಾ.

ಆಕೆ ನನ್ನನ್ನು ಕಂಡು ಹಿಗ್ಗಿ ಎರಡೂ ಕೆನ್ನೆಗೆ ಮುತ್ತಿಟ್ಟರು, ಒಳಗೆ ಎಳೆದುಕೊಂಡು ಹೋದರು. ನಾವು ಏನಾದರೂ ಹೇಳುವ ಮೊದಲೇ ಮೇಜಿನ ಮೇಲೆ ರೊಟ್ಟಿ, ಚೀಸು, ಬೇಯಿಸಿದ ಅವರೆಯಂಥ ಕಾಳು, ಉಪ್ಪಿನೊಂದಿಗೆ ತಿನ್ನುವ ಹುಳಿ ಹಸಿರು ಕಾಯಿಗಳು ಬಂದು ಕುಳಿತವು. ಕಾಳಿನ ಮೇಲೆ ಕೊತ್ತಂಬರಿ ಸೊಪ್ಪು ಧಾರಾಳವಾಗಿತ್ತು. ಅದರ ವಾಸನೆಗೆ ನನಗೆ ಮನೆ ನೆನಪಾಯಿತು. ಬ್ರೋಕರ್ ಗೋಡೆಗೆ ಒರಗಿ ಕೈಗಡಿಯಾರ ನೋಡುತ್ತಿದ್ದ. ನಾನಾ ತನ್ನ ಲೋಟಕ್ಕೆ ದ್ರಾಕ್ಷಾರಸ ಸುರಿದುಕೊಂಡು, ನಮಗೆ ಅದು ಆಗದೆಂದು ತಿಳಿದವರಾದ್ದರಿಂದ ಹಸಿರು ಬಣ್ಣದ ಶರಬತ್ತು ಕೊಟ್ಟರು. ಅಲ್ಲಿಯವರು ಭಾಷಣ ಮಾಡದೆ ಲೋಟ ಎತ್ತುವುದಿಲ್ಲ. ನಾನಾ ನಿಂತುಕೊಂಡು ದೀರ್ಘವಾಗಿ ಏನೋ ಹೇಳಿದರು. ಆಕೆಯ ಕಿರಿಯ ಮಗಳು ಏಕಾ ಆಗಷ್ಟೇ ಹೊರಗಿನಿಂದ ಬಂದವಳು ಇಂಗ್ಲಿಷಿನಲ್ಲಿ ತಿಳಿಸಿದಳು: ಅನ್ನ ಹುಡುಕಿಕೊಂಡು ಮನೆ ಬಿಟ್ಟು ಹೋದವರೆಲ್ಲರಿಗೆ, ಮತ್ತು ಹಾಗೆ ಹೋದವರು ಈ ಮನೆಗೆ ಬಂದದ್ದಕ್ಕೆ.

ಊಟದ ನಂತರ ಏಕಾ ನನ್ನನ್ನು ಅಡುಗೆಮನೆಗೆ ಕರೆದಳು. ಮೂವತ್ತರ ಆಸುಪಾಸಿನ, ತೆಳ್ಳಗಿನ ಹೆಣ್ಣು. ಸಮೀಪದ ಶಾಲೆಯಲ್ಲಿ ಮೂರನೆಯ ತರಗತಿಯ ಟೀಚರ್. ನಾನೂ ಟೀಚರ್ ಎಂದೆ. ಅಲ್ಲಿಯ ಮಕ್ಕಳು ಟೀಚರನ್ನು 'ಮಾಸ್' ಎಂದು ಕೂಗುತ್ತಾರಂತೆ. ನಮ್ಮಲ್ಲಿ 'ಮಾಸ್ಟ್ರು' ಎನ್ನುತ್ತಾರೆ ಎಂದೆ. ಇಬ್ಬರೂ ನಕ್ಕೆವು. ಆಮೇಲೆ ಅವಳು ಬಹಳ ಮೃದುವಾಗಿ ಮನೆಯ ಬಗ್ಗೆ ಹೇಳತೊಡಗಿದಳು. ಈ ಬಿಸಿನೀರಿನ ಯಂತ್ರವನ್ನು ಎರಡು ಸಲ ಒತ್ತಬೇಕು, ಮೊದಲನೆಯ ಸಲ ಹೊತ್ತುವುದಿಲ್ಲ. ಈ ಕಿಟಕಿ ಗಾಳಿಗೆ ಬಡಿಯುತ್ತದೆ, ಮಡಚಿದ ಬಟ್ಟೆ ಸಿಕ್ಕಿಸಿ. ಚಳಿಗಾಲದಲ್ಲಿ ಹಿಂದಿನ ಕೋಣೆ ಬೆಚ್ಚಗಿರುತ್ತದೆ, ಅಲ್ಲಿ ಮಲಗಿ.

ನೀವೆಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ. ಅಜ್ಜಿಯ ಹಳ್ಳಿಗೆ ಎಂದಳು. ಬೆಳಿಗ್ಗೆ ಬೇಗ ಹೊರಟರೆ ಮಿನಿಬಸ್ಸಿನಲ್ಲಿ ಶಾಲೆಗೆ ಮುಟ್ಟಬಹುದು. ಹೊರದೇಶದವರು ಬರತೊಡಗಿದ ಮೇಲೆ ಧಣಿ ಕೇಳುವ ಬಾಡಿಗೆ ಟೀಚರ ಸಂಬಳಕ್ಕೆ ಎಟಕುತ್ತಿಲ್ಲ. ಇದನ್ನು ಅವಳು ದೂರುವಂತೆ ಹೇಳಲಿಲ್ಲ.

"ನಿಮ್ಮ ಮೇಲೆ ಕೋಪವಿಲ್ಲ," ಎಂದಳು. "ನೀವಲ್ಲದಿದ್ದರೆ ಇನ್ನೊಬ್ಬರು. ಅಮ್ಮನಿಗೆ ಮಾತ್ರ ಹೇಳಬೇಡಿ. ನೀವು ಅತಿಥಿಗಳಾಗಿ ಬಂದಿರಿ ಎಂದುಕೊಂಡಿದ್ದಾಳೆ."

ಹೊರಡುವಾಗ ನಾನಾ ನನ್ನ ಕೈಚೀಲಕ್ಕೆ ಅಕ್ರೋಟು ತುಂಬಿಸಿದರು. ಲಿಫ್ಟಿನಲ್ಲಿ ಇವರು ನಾಣ್ಯ ಹಾಕಿ ಗೋಡೆ ನೋಡುತ್ತ ನಿಂತರು.

ತ್ಬಿಲಿಸಿಯ ಸಮುದ್ರ

ವಾರ್ಕೆತಿಲಿಯ ಹಿಂದಿನ ಗುಡ್ಡದ ಆಚೆ ಒಂದು ದೊಡ್ಡ ಜಲಾಶಯವಿದೆ. ಅಲ್ಲಿಯವರು ಅದನ್ನು ತ್ಬಿಲಿಸಿಯ ಸಮುದ್ರ ಎನ್ನುತ್ತಾರೆ. ಮರುದಿನ ಅಲ್ಲಿಗೆ ನಡೆದು ಹೋದೆವು. ಅಲೆಯಿಲ್ಲ, ಉಪ್ಪಿನ ಗಾಳಿಯಿಲ್ಲ, ಆಚೆಯ ದಡ ಕಾಣುತ್ತದೆ. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಕಿವಿಗೆ ಪುರಸಭೆಯ ಬಿಲ್ಲೆ ತೊಡಿಸಿದ ಒಂದು ಬೀದಿನಾಯಿ ನಮ್ಮ ಜೊತೆ ಬಂದು ಕಾಲಬುಡದಲ್ಲಿ ಮಲಗಿತು.

ಆ ಮನೆ ನನಗೆ ಬೇಡ ಎಂದೆ.

ಇವರು ಬಹಳ ತಾಳ್ಮೆಯಿಂದ ವಿವರಿಸಿದರು. ನಾವು ಬಿಟ್ಟರೆ ನಾಳೆಯೇ ಬೇರೆ ಯಾರೋ ಮುಂಗಡ ಕೊಡುತ್ತಾರೆ, ಬಾಡಿಗೆ ಏರಿಸಿದ್ದು ನಾವಲ್ಲ, ಹಾಗೆ ನೋಡಿದರೆ ಮೂಡುಬಿದಿರೆಯಲ್ಲಿ ಶಿಫಾನಾಳಂಥವರಿಗಾಗಿ ಎಷ್ಟು ಮನೆಗಳು ಪಿ.ಜಿ.ಗಳಾಗಿಲ್ಲ, ಅಲ್ಲಿದ್ದವರೂ ಎಲ್ಲಿಗೋ ಹೋಗಿರಬೇಕಲ್ಲ ಎಂದರು. ಅದು ಸರಿಯೇ. ನಮ್ಮ ಶಾಲೆಯ ಹಿಂದಿ ಟೀಚರ್ ಮೂಡುಬಿದಿರೆಯ ಬಾಡಿಗೆ ಮನೆ ಬಿಡಬೇಕಾಗಿ ಬಂದದ್ದು ಹಾಗೆಯೇ. ಈಗ ಆಕೆ ಎರಡು ಬಸ್ಸು ಬದಲಿಸಿ ಬರುತ್ತಾರೆ.

"ಬೇರೆಯವರು ಬರಲಿ," ಎಂದೆ. "ಆ ಹಿಂದಿನ ಕೋಣೆಯಲ್ಲಿ ನನಗೆ ಮಲಗಲಿಕ್ಕೆ ಆಗುದಿಲ್ಲ."

ನನಗೆ ಆಗ ತಡೆಯಲಾಗಲಿಲ್ಲ. ತೆರಿಗೆ ಕಡಿಮೆ, ಖರ್ಚು ಕಡಿಮೆ ಎಂದು ಭೂಪಟ ಹಿಡಿದು ದೇಶ ಹುಡುಕಿದಿರಲ್ಲ, ಗುರುವಾಯನಕೆರೆಯಲ್ಲಿ ನಿಮ್ಮದೇ ದುಡಿಮೆಯಲ್ಲಿ ಕಟ್ಟಿದ ಮನೆ ಉಂಟು, ಅದಕ್ಕೆ ಬಾಡಿಗೆಯೇ ಇಲ್ಲ, ಅಲ್ಲಿಗೆ ಯಾಕೆ ಬರಲಿಲ್ಲ ಎಂದು ಕೇಳಿಬಿಟ್ಟೆ. ತಿಂಗಳುಗಳಿಂದ ಗಂಟಲಲ್ಲಿದ್ದ ಪ್ರಶ್ನೆ ಅದು.

ಇವರು ನೀರನ್ನು ನೋಡುತ್ತ ಹೇಳಿದರು:

"ಆ ಮನೆಯಲ್ಲಿ ಸಕ್ಕರೆ ಡಬ್ಬ ಎಲ್ಲಿದೆ ಅಂತ ನನಗೆ ಗೊತ್ತಿಲ್ಲ ರುಖಿಯಾ. ಪ್ರತಿ ಸಲ ಬಂದಾಗ ಕೇಳ್ಬೇಕು. ನೀನೂ ಶಿಫಾನಾಳೂ ಯಾವುದೋ ಮಾತಿಗೆ ನಗ್ತೀರಿ, ನನಗೆ ಅದು ಯಾಕೆ ಅಂತ ಅರ್ಥ ಆಗುದಿಲ್ಲ. ಊರಲ್ಲಿ ನಾನು ರಜೆಯಲ್ಲಿ ಬಂದವ. ಯಾವಾಗ ವಾಪಸು ಅಂತ ಎಲ್ಲರೂ ಕೇಳ್ತಾರೆ. ಇಲ್ಲಿಯಾದ್ರೆ ನಿನಗೂ ಏನೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇಬ್ಬರೂ ಒಟ್ಟಿಗೆ ಹುಡುಕುವ ಅಂತ ಆಸೆ ಆಯ್ತು. ತೆರಿಗೆಯ ವಿಷಯ ಬೇರೆಯವರಿಗೆ ಹೇಳ್ಲಿಕ್ಕೆ ಮಾಡಿದ್ದು."

ನಾನು ಇಷ್ಟು ವರ್ಷ ಆ ಮನೆಯನ್ನು ಇವರಿಗಾಗಿ ಕಾದು ಇಟ್ಟಿದ್ದೇನೆ ಎಂದುಕೊಂಡಿದ್ದೆ. ಗೋಡೆಗೆ ಬಣ್ಣ, ಹೊಸ ಹೆಂಚು, ಎಲ್ಲ ಸರಿ ಇತ್ತು. ಅದರಲ್ಲಿ ಇವರಿಗೊಂದು ಜಾಗವನ್ನು ನಾನೂ ಶಿಫಾನಾಳೂ ಮಾಡಿರಲಿಲ್ಲ. ಯಾರ ತಪ್ಪೂ ಅಲ್ಲ. ಜನ ಇಲ್ಲದ ಕಡೆ ಜಾಗ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ.

ಚಳಿ ಏರಿತು. ಇವರು ಜಾಕೀಟು ತೆಗೆದು ನನಗೆ ಹೊದಿಸಿದರು. ಏಳನೇ ಮಹಡಿಯ ಒಂದು ಕೋಣೆಯೇ ಸಾಕು ಎಂದೆ ನಾನು. ಜೂನಿನಲ್ಲಿ ಶಾಲೆಗೆ ಸಂಬಳವಿಲ್ಲದ ರಜೆಗೆ ಬರೆದುಕೊಡುತ್ತೇನೆ, ಒಂದು ವರ್ಷ ಇಲ್ಲಿ ಇರುತ್ತೇನೆ. ಆಮೇಲಿನ ಒಂದು ವರ್ಷ ನೀವು ಗುರುವಾಯನಕೆರೆಯಲ್ಲಿ ಇರಬೇಕು, ರಜೆಯಲ್ಲಿ ಬಂದವರ ಹಾಗಲ್ಲ, ಬೆಳಿಗ್ಗೆ ಹಾಲು ತರುವವರ ಹಾಗೆ. ಮೂರನೆಯ ವರ್ಷದ್ದು ಆಮೇಲೆ ನೋಡುವ.

ಇವರು ಕೇಳಿದ್ದು ಒಂದೇ ಮಾತು. "ಆ ಕೋಣೆ ನಿನಗೆ ಸಣ್ಣದಾಗುದಿಲ್ವಾ?"

"ಬಕೆಟನ್ನು ಮಂಚದ ಅಡಿಯಿಂದ ತೆಗೆದ್ರೆ ಜಾಗ ಆಗ್ತದೆ," ಎಂದೆ.

ಮನೆ ಖಾಲಿ ಮಾಡಿದ ದಿನ

ನಾವು ಬೇಡವೆಂದದ್ದರಿಂದ ನಾನಾ, ಏಕಾ ಇಬ್ಬರಿಗೂ ಏನೂ ಒಳ್ಳೆಯದಾಗಲಿಲ್ಲ. ಇವರು ಹೇಳಿದಂತೆ ಬೇರೆ ಯಾರೋ ಮುಂಗಡ ಕೊಟ್ಟರು. ಮರುವಾರವೇ ಅಂಗಳದಲ್ಲಿ ಒಂದು ಹಳೆಯ ಲಾರಿ ಬಂದು ನಿಂತಿತು.

ಇವರು ಕಂಪ್ಯೂಟರು ಮುಚ್ಚಿ ಕೆಳಗಿಳಿದರು. ಲಿಫ್ಟು ಚಿಕ್ಕದು, ಕಪಾಟು ಅದರೊಳಗೆ ಹೋಗುವುದಿಲ್ಲ. ಕಟ್ಟಡದ ನಾಲ್ಕೈದು ಗಂಡಸರು ಸೇರಿ ಮೆಟ್ಟಿಲಲ್ಲಿ ಇಳಿಸತೊಡಗಿದಾಗ ಇವರು ಭುಜ ಕೊಟ್ಟರು. ತಿರುವಿನಲ್ಲಿ ಕಪಾಟು ಸಿಕ್ಕಿಬಿದ್ದಿತು. ಅವರು ತಮ್ಮ ಭಾಷೆಯಲ್ಲಿ ಕೂಗಿದರು, ಇವರು ಬ್ಯಾರಿಯಲ್ಲಿ ಗಟ್ಟಿಯಾಗಿ ಕೂಗಿದರು. ಹೇಗೋ ಕಪಾಟು ಕೆಳಗಿಳಿಯಿತು. ಇವರ ಸೊಂಟ ಉಳುಕಿದ್ದು ಸಂಜೆಗೆ ಗೊತ್ತಾಯಿತು. ನಾನೂ ಏಕಾಳೂ ಪಿಂಗಾಣಿ ತಟ್ಟೆಗಳನ್ನು ಬಟ್ಟೆಯಲ್ಲಿ ಸುತ್ತಿದೆವು. ಬೆಂಚಿನ ಹೆಂಗಸರು ಲಿಫ್ಟಿಗೆ ಚಿಲ್ಲರೆ ಒಟ್ಟು ಮಾಡಿ ತಂದಿದ್ದರು.

ತಟ್ಟೆ ಸುತ್ತುತ್ತ ಏಕಾ ಒಂದು ಮಾತು ಹೇಳಿದಳು. ನಾವು ಬಂದ ಸಂಜೆ ಅಮ್ಮನಿಗೆ ಎಲ್ಲ ಗೊತ್ತಿತ್ತಂತೆ. ಬಾಗಿಲು ತೆರೆದಾಗ ನಮ್ಮ ಹಿಂದೆ ಬ್ರೋಕರ್ ನಿಂತದ್ದನ್ನು ಆಕೆ ನೋಡಿದ್ದರು; ಅವನನ್ನು ಮೊದಲೂ ಕಂಡಿದ್ದರು. ಗೊತ್ತಿದ್ದೂ ಯಾಕೆ ಅಷ್ಟೆಲ್ಲ ಬಡಿಸಿದೆ ಎಂದು ಏಕಾ ಆಮೇಲೆ ಕೇಳಿದ್ದಳು.

"ಅಮ್ಮ ಹೇಳಿದ್ದು ಇಷ್ಟೇ," ಎಂದಳು. "ಇಟಲಿಯಲ್ಲಿ ನಿನ್ನ ಅಕ್ಕನೂ ಯಾರದೋ ಬಾಗಿಲು ತಟ್ಟಿದ್ದಳು. ಅವತ್ತು ಅವಳಿಗೆ ಏನು ತಿನ್ನಲು ಕೊಟ್ಟರು ಎಂದು ನಾನು ಇವತ್ತಿಗೂ ಕೇಳಿಲ್ಲ, ಕೇಳಲು ನನಗೆ ಧೈರ್ಯವಿಲ್ಲ."

ನನ್ನ ಕೈಯಲ್ಲಿದ್ದ ತಟ್ಟೆಯನ್ನು ನಾನು ಎರಡನೆಯ ಸಲ ಸುತ್ತಿದೆ.

ನಾನಾ ಲಾರಿಯ ಮುಂದಿನ ಸೀಟಿನಲ್ಲಿ ಕುಳಿತು, ಕಿಟಕಿಯಿಂದ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಏನೋ ಹೇಳಿದರು. ಏಕಾ ಹಿಂದೆ ಕಪಾಟಿನ ಪಕ್ಕ ಕುಳಿತಿದ್ದಳು, ಅರ್ಥ ಹೇಳುವವರು ಯಾರೂ ಇರಲಿಲ್ಲ. ನಾನು ಕನ್ನಡದಲ್ಲಿ, "ಹೋಗಿ ಬನ್ನಿ ಅಮ್ಮ," ಎಂದೆ. ಬೇರೆ ಯಾವ ಭಾಷೆಯಲ್ಲೂ ಹಾಗೆ ಹೇಳಲು ನನಗೆ ಬರುವುದಿಲ್ಲ. ಏಕಾ ಈಗಲೂ ಒಮ್ಮೊಮ್ಮೆ ಮೆಸೇಜು ಕಳಿಸುತ್ತಾಳೆ. ಹಳ್ಳಿಯಲ್ಲಿ ನಾನಾ ಕೋಳಿ ಸಾಕಿದ್ದಾರಂತೆ. ಮಿನಿಬಸ್ಸಿನ ಪ್ರಯಾಣ ಮಾತ್ರ ಬಹಳ ದಣಿವಂತೆ.

ಮರಳಿ

ನನ್ನ ರಜೆ ಮುಗಿಯಿತು. ಉಳಿದ ದಿನಗಳಲ್ಲಿ ನಾವು ಜಗಳವಾಡಿದ್ದೂ ಉಂಟು: ಮೀನಿಗೆ ಹುಳಿ ಎಷ್ಟು ಹಾಕಬೇಕು, ಕಿಟಕಿ ತೆರೆದಿಡಬೇಕೋ ಮುಚ್ಚಬೇಕೋ, ನಾನು ಫೋನಿನಲ್ಲಿ ಯಾಕೆ ಅಷ್ಟು ಗಟ್ಟಿ ಮಾತಾಡುತ್ತೇನೆ. ಇಂಥ ಜಗಳಕ್ಕೆ ನಮಗೆ ಮೊದಲು ಸಮಯವೇ ಸಿಕ್ಕಿರಲಿಲ್ಲ. ಶಿಫಾನಾಳಿಗೆ ಫೋನು ಮಾಡಿ ನಿರ್ಧಾರ ತಿಳಿಸಿದಾಗ ಅವಳು ತನ್ನ ಡಿಸೆಂಬರ್ ರಜೆಗೆ ಟಿಕೆಟು ಮಾಡಬೇಕು ಎಂದಳು.

ವಿಮಾನ ನಿಲ್ದಾಣಕ್ಕೆ ಇವರು ಬಂದರು. ಇಷ್ಟು ವರ್ಷ ಮಂಗಳೂರಿನ ನಿಲ್ದಾಣದಲ್ಲಿ ಹೊರಗೆ ನಿಲ್ಲುವವಳು ನಾನು, ಪೆಟ್ಟಿಗೆ ಎಳೆದುಕೊಂಡು ಒಳಗೆ ಹೋಗುವವರು ಇವರು. ಒಳಗೆ ಹೋದ ಮೇಲೆ ಇವರು ಒಮ್ಮೆಯೂ ಹಿಂದಿರುಗಿ ನೋಡುವುದಿಲ್ಲ ಎಂದು ನನಗೆ ಒಳಗೊಳಗೆ ಬೇಸರವಿತ್ತು. ಕೇಳಿರಲಿಲ್ಲ. ಈಗ ಪೆಟ್ಟಿಗೆ ನನ್ನ ಕೈಯಲ್ಲಿತ್ತು. ಇವರು, "ಮುಟ್ಟಿದ ಕೂಡ್ಲೇ ಫೋನ್ ಮಾಡು," ಎಂದರು. ಅದು ನಾನು ಹೇಳುತ್ತಿದ್ದ ಮಾತು.

ಗಾಜಿನ ಬಾಗಿಲು ದಾಟಿದೆ. ಒಮ್ಮೆ ತಿರುಗಿದರೆ ಮುಂದೆ ಹೋಗಲಾರೆ ಎನಿಸಿತು. ಇವರು ಯಾಕೆ ತಿರುಗುತ್ತಿರಲಿಲ್ಲ ಎಂದು ಆಗ ತಿಳಿಯಿತು. ಆದರೂ ತಿರುಗಿದೆ. ಇವರು ಗಾಜಿಗೆ ಹಣೆ ಒತ್ತಿ, ಬೆಳಕು ಅಡ್ಡ ಬಾರದಂತೆ ಮುಖದ ಎರಡೂ ಬದಿಗೆ ಅಂಗೈ ಹಿಡಿದು, ಜನರ ನಡುವೆ ನನ್ನನ್ನು ಹುಡುಕುತ್ತಿದ್ದರು. ನಾನು ಮಂಗಳೂರಿನಲ್ಲಿ ಪ್ರತಿ ಸಲ ನಿಲ್ಲುತ್ತಿದ್ದದ್ದು ಹಾಗೆಯೇ. ಒಳಗಿನಿಂದ ನೋಡಿದರೆ ಅದು ಹೇಗೆ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ.